ಹೆರೆದ ಬಾಗಿಲು

ಜುಲೈ ೯, ಗುರುವಾರ

ಮುದ್ದು ಗುಬ್ಬಿ,

ಮೂವರೂ ಚೆನ್ನಾಗಿದ್ದೀರಲ್ಲ? ನೀನು ಕೊಳ್ಳಬೇಕೆಂದಿರುವ ಗುಡ್ಡದ ಮನೆ ನೋಡಿ ಬಂದು ಎಂಟು ದಿನವಾದರೂ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಮೂರು ಸಲ ಬರೆದು ಹರಿದೆ. ಫೋನಿನಲ್ಲಾದರೆ ನೀನು ಮಾತಿಗೆ ಮಾತು ಕೊಡುತ್ತೀಯ, ನಾನು ಸೋಲುತ್ತೇನೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಈ ಮನೆ ಹತ್ತಿರ ಹೋದರೂ ನುಣ್ಣಗೇ ಇತ್ತು, ಹಾಗೆ ಬಣ್ಣ ಬಳಿದಿದ್ದಾರೆ. ದಲ್ಲಾಳಿ ಕಿಟಕಿ ತೆರೆದು ಕಣಿವೆ ತೋರಿಸಿದ. ನಾನು ಬಡಗಿ, ಬಾಗಿಲು ನೋಡಿದೆ. ಹಿಂದಿನ ಕೋಣೆಯ ಬಾಗಿಲಿನ ಮೇಲಂಚನ್ನು ಒಂದೇ ಮೂಲೆಯಲ್ಲಿ ಒಂದು ಬೆರಳಷ್ಟು ಹೆರೆದಿದ್ದಾರೆ. ನೆಲದ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲಲೇ ಇಲ್ಲ. ಹಿತ್ತಲಿನ ಮರಗಳೆಲ್ಲ ಬುಡದಲ್ಲಿ ಇಳಿಜಾರಿನತ್ತ ಬಾಗಿ, ಆಮೇಲೆ ನೆಟ್ಟಗೆ ಬೆಳೆದಿವೆ. ಅವುಗಳ ಬುಡದ ಮಣ್ಣು ವರ್ಷವರ್ಷವೂ ಜಾರುತ್ತಿದೆ.

"ಮಳೆಗಾಲದಲ್ಲಿ ಮರ ಉಬ್ಬುತ್ತೆ ಯಜಮಾನ್ರೇ, ಅದಕ್ಕೇ ಹೆರೆಸಿದ್ದು. ನಿಮಗೆ ನಾನು ಹೇಳ್ಕೊಡಬೇಕಾ?" ಅಂದ ದಲ್ಲಾಳಿ. ಉಬ್ಬಿದ ಬಾಗಿಲು ಅಂಚಿನ ಉದ್ದಕ್ಕೂ ಚೌಕಟ್ಟಿಗೆ ಹಿಡಿಯುತ್ತದೆ. ಒಂದೇ ಮೂಲೆಯಲ್ಲಿ ಹಿಡಿದರೆ ಚೌಕಟ್ಟು ಓರೆಯಾಗಿದೆ ಎಂದು ಅರ್ಥ. ಆ ಕೋಣೆಯೇ ಮಗುವಿಗೆ ಅಂತ ನೀನು ಹೇಳಿದ್ದು ನೆನಪಾಗಿ ಇನ್ನೊಮ್ಮೆ ರಸಮಟ್ಟ ಇಟ್ಟು ನೋಡಿದೆ. ಜೊತೆಗೆ ಬಂದಿದ್ದ ಅಳಿಯಂದಿರೇ ಅದನ್ನು ತೆಗೆದು ಚೀಲಕ್ಕೆ ಹಾಕಿದರು.

"ಮಾವ, ನೀವು ಹಳೇದನ್ನ ನೆನೆಸ್ಕೊಂಡು ಹೆದರ್ತಿದ್ದೀರಿ" ಅಂದರು ಅವರು. ಹೌದು, ಹೆದರಿದ್ದೇನೆ. ನಿನ್ನಮ್ಮ ಮಣ್ಣಿನಡಿ ಹೋದ ದಿನದಿಂದ, ಮಳೆ ಹಿಡಿದರೆ ನಾನು ಗೋಡೆಗೆ ಕಿವಿಗೊಟ್ಟು ಕೂರುತ್ತೇನೆ. ಸೋಮವಾರ ಸಹಿ ಹಾಕಬೇಡ. ಮಣ್ಣು ಪರೀಕ್ಷಿಸುವ ಇಂಜಿನಿಯರನ್ನು ನೀವೇ ಹುಡುಕಿ ಕರೆಸಿ, ದಲ್ಲಾಳಿ ಕಳಿಸಿದವರು ಬೇಡ. ಗುಡ್ಡ ಹಿಂದೆ ಎಲ್ಲೆಲ್ಲಿ ಕುಸಿದಿದೆಯೆಂದು ಕೆಳಗಿನ ಮನೆಯವರನ್ನು ಕೇಳು. ಅವರು ಮಾತು ಬದಲಿಸಿದರೆ ಅದೂ ಒಂದು ಉತ್ತರವೇ.

ನೂರು ಕಾಲ ಬಾಳಿ, ಗಟ್ಟಿ ನೆಲದ ಮೇಲೆ ಬಾಳಿ.

ನಿನ್ನ
ಅಪ್ಪ

ತಾ.ಕ.: ಗುಡ್ಡ ಹೇಳದೆ ಕೇಳದೆ ಬಂತು ಎಂದು ಇಷ್ಟು ವರ್ಷ ನಿನಗೆ ಹೇಳಿದ್ದು ಸುಳ್ಳು. ಆ ಮಳೆಗಾಲದಲ್ಲಿ ನಮ್ಮ ಅಡುಗೆಮನೆ ಬಾಗಿಲನ್ನು ಮೂರು ಸಲ ಹೆರೆದಿದ್ದೆ, ಒಂದೇ ಮೂಲೆಯಲ್ಲಿ. ಮೂರನೇ ಸಲ ನಿನ್ನಮ್ಮ, "ಬಾಗಿಲಲ್ಲ ರೀ, ಗೋಡೆ ಸರೀತಿದೆ" ಅಂದಳು. "ಮರದ ವಿಷಯ ನನಗೆ ಬಿಡು" ಎಂದು ನಕ್ಕುಬಿಟ್ಟೆ. ಮಾರನೆಯ ಬೆಳಿಗ್ಗೆ ನೀನು ಶಾಲೆಗೆ ಹೋದ ಮೇಲೆ, ಗುಡ್ಡ ಕುಸಿಯುವ ಸ್ವಲ್ಪ ಮುಂಚೆ, ಅವಳು ಆ ಬಾಗಿಲು ಹಾಕಿಕೊಂಡಳು. ಸಲೀಸಾಗಿ ಮುಚ್ಚಿತು.