ಗಾಳಿ ತಿರುಗಿದ್ದು ನನಗೆ ಗೊತ್ತಿರಲಿಲ್ಲ

ನಗರ, ಬುಧವಾರ

ಮುಕುಂದಯ್ಯ ಮೇಷ್ಟ್ರಿಗೆ,

ಒಂಬತ್ತನೇ ಕ್ಲಾಸಿಗೆ ನಿಮ್ಮ ಶಾಲೆ ಬಿಟ್ಟ ಪೂರ್ಣೇಶನ ನಮಸ್ಕಾರ. ಭಾನುವಾರ ಹೊಸನಗರದ ಸಭೆಯಲ್ಲಿ ನೀವು ನನಗೆ ಶಾಲು ಹೊದಿಸುತ್ತೀರಂತೆ. ಸರಿಯಾದ ಹೊತ್ತಿನಲ್ಲಿ ಹಿಂದೆ ಸರಿಯುವುದೂ ಸೇನಾಪತಿಯ ಗುಣ ಎಂದು ಭಾಷಣವನ್ನೂ ಬರೆದಿದ್ದೀರಂತೆ. ತೀರ್ಥಹಳ್ಳಿಗೇ ಬಂದು ಹೇಳೋಣವೆಂದುಕೊಂಡೆ. ನಿಮ್ಮೆದುರು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ.

ಮಾರ್ಚಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ನಾವು ಹನ್ನೊಂದು ಜನ ಹೋಗಿದ್ದೆವು. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವ ಕೆಲಸ. ಆ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಹಾಗಾಗಿ ನಮ್ಮಲ್ಲೊಂದು ಕ್ರಮವಿದೆ: ಸಾಲಿನ ಮುಂದಿರುವವನು ಕೊಂಬೆ ಬಿಸಾಡಿದರೆ ಎಲ್ಲರೂ ಕೆಳಗೆ ಓಡಬೇಕು, ಯಾಕೆಂದು ಕೇಳಬಾರದು. ಆ ದಿನ ಮುಂದಿದ್ದವನು ನಾನು. ಬಿದಿರು ಸಿಡಿದ ಸದ್ದಿಗೆ ಹೆದರಿ ಕೊಂಬೆ ಬಿಟ್ಟು ಓಡಿದೆ. ಹಿಂದಿದ್ದವರ ನೆನಪೇ ಇರಲಿಲ್ಲ. ಅವರು ಅದನ್ನು ಸನ್ನೆ ಎಂದುಕೊಂಡು ಓಡಿದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ, ನಾವು ನಿಂತಿದ್ದ ಜಾಗವೆಲ್ಲ ಉರಿದುಹೋಯಿತು.

"ಗಾಳಿ ತಿರುಗ್ತದೆ ಅಂತ ನಿಂಗೆ ಹೆಂಗ್ ಗೊತ್ತಾಯ್ತೋ?" ಎಂದು ಜೊತೆಗಿದ್ದ ನಾಗೇಂದ್ರಣ್ಣ ಕೇಳಿದ.

"ವಾಸನೆ ಮೂಗಿಗೆ ಬಂತು" ಎಂದೆ.

"ಪಾಠ ತಲೆಗೆ ಹತ್ಲಿಲ್ಲ, ಗಾಳಿ ಮೂಗಿಗೆ ಹತ್ತಿತಲ್ಲ ಮಾರಾಯ!"

ಎಲ್ಲರೂ ನಕ್ಕರು. ಶಾಲೆ ಬಿಟ್ಟ ಮೇಲೆ ಊರಿನವರು ನನ್ನನ್ನು ಮೆಚ್ಚಿ ನಕ್ಕದ್ದು ಅದೇ ಮೊದಲು. ಹೇಳಿದ ಸುಳ್ಳನ್ನು ಹಾಗೇ ಬಿಟ್ಟೆ. ಹತ್ತು ಜನರ ಜೀವ ಉಳಿಸಿದವನೆಂದು ಅದು ಈಗ ನಿಮ್ಮ ಶಾಲಿನವರೆಗೆ ಬಂದಿದೆ.

ಸಾಲಿನ ಕೊನೆಯಲ್ಲಿದ್ದ ನಿರಂಜನ ಎಲ್ಲರಿಗಿಂತ ಮೊದಲು ಇಳಿಯಬಹುದಿತ್ತು. ಅವನು ಹತ್ತೂ ಜನ ದಾಟಿದರೆಂದು ಎಣಿಸಿದ ಮೇಲೆ ಇಳಿದ. ಮುಂಗೈ ಸುಟ್ಟಿತ್ತು. ಅವನನ್ನು ಯಾರೂ ಏನೂ ಕೇಳಲಿಲ್ಲ.

ಶಾಲೆಯಲ್ಲಿದ್ದಾಗ ನೀವು ನಮ್ಮನ್ನು ನಮ್ಮೂರು ನಗರದ ಕೋಟೆಗೆ ಕರೆತಂದು, ಕೋಟೆಯವರು ಕಾವಲಿದ್ದ ದಾರಿ ಬಿಟ್ಟು ಹೈದರಾಲಿಯ ಸೈನ್ಯ ಕಾಡಿನ ಒಳದಾರಿಯಿಂದ ಬಂದದ್ದನ್ನು ಹೇಳಿದ್ದಿರಿ. ದಾರಿ ತೋರಿಸಿದವನು ಸೆರೆಯಲ್ಲಿದ್ದ ಇಲ್ಲಿಯದೇ ಹಳೆಯ ಮಂತ್ರಿ ಎಂದಿರಿ. "ಹಾಗಾದ್ರೆ ಗೆದ್ದಿದ್ದು ಯಾರು ಸಾರ್?" ಎಂದು ಕೇಳಿದ್ದೆ. "ಪರೀಕ್ಷೇಲಿ ಹೈದರಾಲಿ ಅಂತ್ಲೇ ಬರಿ, ತಲೆಹರಟೆ ಮಾಡ್ಬೇಡ" ಎಂದು ಗದರಿದಿರಿ. ನಾನು ಮಂತ್ರಿ ಎಂದು ಬರೆದೆ. ಸೊನ್ನೆ ಕೊಟ್ಟಿರಿ.

ಈಗ ನನಗೆ ಅವರಿಬ್ಬರ ಯೋಚನೆಯಿಲ್ಲ. ಕೋಟೆಯ ಕಡೆಯಿಂದ ಕಾವಲು ನಿಂತಿದ್ದವರ ಯೋಚನೆ. ದಳಪತಿ ತೋರಿಸಿದ ದಾರಿಯನ್ನೇ ನೋಡುತ್ತ ನಿಂತಿದ್ದರು. ತಮ್ಮ ನಾಯಕನಿಗೇ ಏನೂ ಗೊತ್ತಿಲ್ಲ ಎನ್ನುವುದು ಅವರಿಗೆ ತಿಳಿದಿರಲಿಲ್ಲ.

ಬರುವ ಬೇಸಿಗೆಗೆ ನನ್ನನ್ನೇ ಬೆಂಕಿ ಆರಿಸುವ ತಂಡದ ಮುಖ್ಯಸ್ಥನನ್ನಾಗಿ ಮಾಡುವುದು ಕೂಡ ಭಾನುವಾರವೇ. ಹುಡುಗರು ನನ್ನ ಮೂಗನ್ನು ನಂಬಿ ಹೊಗೆಯೊಳಗೆ ನಿಲ್ಲುತ್ತಾರೆ. ಯಾರಾದರೂ ಸತ್ತರೆ ನನ್ನ ಸುಳ್ಳಿನ ಜೊತೆ ನಿಮ್ಮ ಭಾಷಣಕ್ಕೂ ಅದರಲ್ಲಿ ಪಾಲಿರುತ್ತದೆ. ಒರಟಾಗಿ ಬರೆದೆ, ತಿದ್ದುವುದಿಲ್ಲ. ಮುಖ್ಯಸ್ಥ ನಿರಂಜನನಾಗಲಿ.

ಇವತ್ತು ಸಂಜೆ ಹತ್ತೂ ಜನರನ್ನು ಕರೆದಿದ್ದೇನೆ. ನಿಜ ಹೇಳುತ್ತೇನೆ. ಸಾಲಿನಲ್ಲಿ ಜಾಗ ಕೊಟ್ಟರೆ ನಿರಂಜನ ಹೇಳಿದ ಕಡೆ ನಿಲ್ಲುತ್ತೇನೆ, ಕೊಡದಿದ್ದರೆ ಕುಡಿಯುವ ನೀರು ಹೊರುತ್ತೇನೆ.

ನಿಮ್ಮ ಮಂಡಿನೋವು ಇಳಿಯಲಿ, ಭಾನುವಾರದ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿ.

ನಿಮ್ಮಿಂದ ಸೊನ್ನೆ ಪಡೆದ,
ಪೂರ್ಣೇಶ