ಎಡದ್ದು ಬಲಕ್ಕೆ

ಮಾರ್ಚ್ ೧೧, ಮಂಗಳವಾರ

ಮಗಳು ಊಟ ಬಿಟ್ಟು ಮುಸುಕೆಳೆದುಕೊಂಡಿದ್ದಳು. ಗ್ಯಾರೇಜಿನಲ್ಲಿ ಇವತ್ತು ಮೊದಲ ಸಲ ಒಬ್ಬಳೇ ಬ್ರೇಕ್ ಕೆಲಸ ಮಾಡಿದ್ದು, ಅದೂ ನನ್ನ ಕಾರಿಗೆ. ಬ್ರೇಕ್ ಹಾಕಿದಾಗ ಚಕ್ರವನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್‌ಗಳಲ್ಲಿ ಎಡದ್ದನ್ನು ಬಲಚಕ್ರಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿಬಿಟ್ಟಳು. ಮೇಲಿರಬೇಕಾದ ಗಾಳಿ ಬಿಡುವ ನಿಪ್ಪಲ್ ಕೆಳಗಾಗಿ, ಗಾಳಿ ಬ್ರೇಕ್ ಎಣ್ಣೆಯೊಳಗೇ ಉಳಿದು, ಪೆಡಲ್ ಮೆತ್ತಗೆ ಕುಸಿಯಿತು. "ಚಪ್ಪಲಿನಾದ್ರೂ ಸರಿಯಾಗಿ ಹಾಕ್ಕೊಂಡಿದೀಯೇನಮ್ಮಾ?" ಎಂದು ಮೇಸ್ತ್ರಿ ಎಲ್ಲರೆದುರು ನಕ್ಕರಂತೆ. ಬಿಚ್ಚಿ ಅವಳೇ ಸರಿಮಾಡಿದ್ದಾಳೆ. ಆದರೂ "ನಾಳೆಯಿಂದ ಹೋಗಲ್ಲ" ಎಂಬ ಹಟ.

ಇಷ್ಟು ಕವಿತೆ ಓದಿಯೂ ಸಮಾಧಾನದ ಒಂದು ಮಾತು ಹೊಳೆಯಲಿಲ್ಲ. "ಕ್ಯಾಲಿಪರ್ ಚಕ್ರದ ಜೊತೆ ತಿರುಗುತ್ತಾ?" ಎಂದು ಕೇಳಿದೆ.

"ಅಯ್ಯೋ ಅಮ್ಮಾ! ತಿರುಗೋದು ಡಿಸ್ಕು. ಇದನ್ನ ಚಕ್ರದ ಹಿಂದೆ ತಿರುಗದಿರೋ ಭಾಗಕ್ಕೆ ಬಿಗಿದಿರ್ತಾರೆ. ಇದೂ ತಿರುಗಿದ್ರೆ ಡಿಸ್ಕನ್ನ ಹಿಡಿಯೋರ್ಯಾರು?" ಮುಸುಕು ಸರಿಯಿತು.

"ಬೆಳಿಗ್ಗೆ ಅದೇ ಕಾರಲ್ಲಿ ನಿನ್ನನ್ನ ಗ್ಯಾರೇಜಿಗೆ ಬಿಡ್ತೀನಿ."

ಎದ್ದು ಕೂತಳು. "ಹೊರಡೋ ಮುಂಚೆ ಪೆಡಲ್ ಒಂದ್ಸಲ ಒತ್ತಿ ನೋಡು."

ಅಂದರೆ ಬರುತ್ತಾಳೆ. ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಗುತ್ತಿದೆ, ಬಿಸಿ ಮಾಡಿಕೊಡಲು ಏಳುತ್ತೇನೆ.