ಅಮ್ಮನ ಗೋಡೆಗೊಂದು ಪ್ರಿಂಟರ್

ಅಮ್ಮನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಲಾಡ್ಜಿನ ಕೌಂಟರಿನಲ್ಲಿ ದಿನವಿಡೀ ನಿಂತಿರಬೇಡ, ಮ್ಯಾನೇಜರ್ ಆದವನು ಕೂತರೆ ಯಾರೂ ಏನೂ ಅನ್ನುವುದಿಲ್ಲ. ನಿನ್ನ ಹೆಂಡತಿಯ ಕೆಮ್ಮು ವಾಸಿಯಾಗಿರಬೇಕು, ಮಗಳ ಪರೀಕ್ಷೆಯೂ ಮುಗಿದಿರಬೇಕು. ಅಮ್ಮನ ಬಿಪಿ ಹತೋಟಿಯಲ್ಲಿದೆ, ಊಟ ಸೇರುತ್ತಿದೆ, ನಿದ್ದೆ ಪರವಾಗಿಲ್ಲ. ನನ್ನದು ಕೇಳಬೇಡ, ನೀನು ಕೇಳುವುದೂ ಇಲ್ಲ ಬಿಡು. ಕೈಯಲ್ಲಿ ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳೆಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಹೂಂಗುಟ್ಟುತ್ತೀಯ, ನಾಲ್ಕನೆಯ ಹೂಂಗೆ ಯಾರೋ ಗಿರಾಕಿ ಬಂದರೆಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹೂಂಗುಟ್ಟಿ ತಪ್ಪಿಸಿಕೊಳ್ಳಲಾಗದು.

ಹೋದ ವಾರ ನೀನು ಕೇಳಿದೆಯಲ್ಲ, "ಒಂದು ಪ್ರಿಂಟರ್ ತಗೊಳ್ಳೋಕೆ ಮೂರು ವಾರ ಬೇಕಾ ಅಕ್ಕಾ? ಯಾವುದೋ ಒಂದು ಲೇಸರ್ ತಂದು ಹಾಕು, ಮುಗೀತು" ಎಂದು. ಆ ಮಾತು ಇನ್ನೂ ಚುಚ್ಚುತ್ತಿದೆ. ಡಾಕ್ಟರು ಹೇಳಿದ್ದನ್ನು ನಿನಗೆ ಆಗಲೇ ತಿಳಿಸಿದ್ದೆ, ನಿನ್ನ ಹೂಂಗಳ ನಡುವೆ ಎಲ್ಲೋ ಕಳೆದುಹೋಗಿರಬೇಕು. ಅಮ್ಮನಿಗೆ ಮುಖಗಳು ಒಂದೊಂದಾಗಿ ಮರೆತುಹೋಗುತ್ತಿವೆ. ಮನೆಯವರ ಫೋಟೋಗಳನ್ನು ದೊಡ್ಡದು ಮಾಡಿ, ಅವಳು ಮಲಗಿದ ಕಡೆಯಿಂದ ಕಾಣುವ ಹಾಗೆ ಗೋಡೆಗೆ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಯಾರು ಯಾರೆಂದು ಬರೆದು, ದಿನಕ್ಕೊಮ್ಮೆ ಓದಿಸಿದರೆ ಈಗ ಉಳಿದಿರುವಷ್ಟಾದರೂ ಉಳಿದೀತು ಎಂದರು. ಮೊದಲು ಸ್ಟುಡಿಯೋದಲ್ಲೇ ಮಾಡಿಸಿದೆ. ಅಮ್ಮ ಅವನ್ನು ಸವರಿ, ಮುದ್ದಿಟ್ಟು, ಕಿತ್ತು, ಮಡಚಿ ದಿಂಬಿನ ಕೆಳಗಿಟ್ಟುಕೊಂಡಳು, ವಾರ ತುಂಬುವುದರೊಳಗೆ ಫೋಟೋದಲ್ಲಿ ನಿನ್ನ ಮೂಗಿನ ಮೇಲೆ ಎರಡು ಗೆರೆ ಬಿತ್ತು. ಪ್ರತಿ ಸಲ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ರಜೆ ಬೇಡಿ ಸ್ಟುಡಿಯೋಗೆ ಓಡುವುದು ನನ್ನಿಂದಾಗುವ ಕೆಲಸವಲ್ಲ. ಮಾಲೀಕರು ಈಗಾಗಲೇ ನನ್ನನ್ನು ಕಂಡರೆ ಗೋಡೆಯ ಗಡಿಯಾರ ನೋಡುತ್ತಾರೆ. ಅದಕ್ಕೇ ಮನೆಗೊಂದು ಪ್ರಿಂಟರ್ ಬೇಕಾಯಿತು.

ನೀನು ಹೇಳಿದ ಲೇಸರನ್ನೂ ಬಿಡದೆ ನೋಡಿದೆ. ಅಂಗಡಿಯವನು ನನ್ನ ಫೋನಿನಿಂದ ನಿನ್ನದೇ ಫೋಟೋ ಅಚ್ಚು ಹಾಕಿ ಕೈಗಿತ್ತ. ಬಿಲ್ಲು, ಅರ್ಜಿಗಳಿಗೆ ಅದು ಸರಿ, ಮುಖಕ್ಕಲ್ಲ. ನೀನು ಬೂದಿಯಲ್ಲಿ ಹೊರಳಿ ಎದ್ದವನಂತೆ ಕಂಡೆ. ಕಾರ್ಟ್ರಿಜ್, ಅಂದರೆ ಶಾಯಿಯ ಡಬ್ಬಿ, ಹಾಕುವ ಇಂಕ್‌ಜೆಟ್ ಒಂದಿತ್ತು. ಬೆಲೆ ಕೇಳಿದಾಗ ಇಷ್ಟೇನಾ ಅನ್ನಿಸಿತು, ಆದರೆ ಎರಡು ಸಲ ಕಾರ್ಟ್ರಿಜ್ ಕೊಂಡರೆ ಹೊಸ ಪ್ರಿಂಟರಿನಷ್ಟೇ ಖರ್ಚು, ಅದೂ ಮೂರು ಬಣ್ಣಗಳಲ್ಲಿ ಒಂದು ತೀರಿದರೂ ಇಡೀ ಡಬ್ಬಿಯನ್ನೇ ಎಸೆಯಬೇಕು. ಇನ್ನೊಂದು ಪುಟಾಣಿ ಯಂತ್ರ, ಅದರ ಫೋಟೋ ಕಣ್ಣಿಗೆ ಹಬ್ಬ, ಆದರೆ ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಬರುವುದಿಲ್ಲ, ಅಮ್ಮನ ದೃಷ್ಟಿಗೆ ಅದು ಏನೇನೂ ಸಾಲದು. ಕೊನೆಗೆ ಉಳಿದದ್ದು ಬಾಟಲಿಯಿಂದ ಶಾಯಿ ಸುರಿಯುವ ಟ್ಯಾಂಕ್ ಪ್ರಿಂಟರ್. ಮೊದಲಿಗೆ ಕೈ ಕಚ್ಚಿದರೂ ಆಮೇಲೆ ಫೋಟೋ ಒಂದಕ್ಕೆ ಬೀಳುವುದು ಬಹುಪಾಲು ಕಾಗದದ ಖರ್ಚು. ವಾರಕ್ಕೊಂದು ಹಾಳೆಯಾದರೂ ತೆಗೆಯುತ್ತಿರಬೇಕಂತೆ, ಇಲ್ಲದಿದ್ದರೆ ಶಾಯಿ ಒಣಗಿ ಮುಷ್ಕರ ಹೂಡುತ್ತದಂತೆ. ಯಂತ್ರಕ್ಕೂ ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವವರು ಬೇಕು ನೋಡು.

ಅದರಲ್ಲೂ ಎರಡು ಬಗೆಯಿತ್ತು. ಒಂದರ ಶಾಯಿಯಲ್ಲಿ ಬಣ್ಣ ಜೀವಂತ, ಆದರೆ ಬೆಳಕು ಬೀಳುವ ಗೋಡೆಯ ಮೇಲೆ ಎರಡು ಮೂರು ವರ್ಷಕ್ಕೆ ಮಾಸುತ್ತದೆ. ಇನ್ನೊಂದರದ್ದು ನಿನ್ನ ಮಗಳು ಮುದುಕಿಯಾದರೂ ಮಾಸುವುದಿಲ್ಲ, ಬೆಲೆ ಮಾತ್ರ ದುಪ್ಪಟ್ಟು. ಅಂಗಡಿಯವನು ಪಾಪ, ತನ್ನ ವ್ಯಾಪಾರಕ್ಕೆ ಬೇಕಾದ್ದನ್ನು ಕೇಳಿದ. "ಫೋಟೋ ಎಷ್ಟು ವರ್ಷ ಇರಬೇಕಮ್ಮಾ ನಿಮಗೆ?" ನಾನು ಎರಡರ ಮಾದರಿ ಫೋಟೋಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ ಜೋರಾಗಿ ಕೇಳಿದ. ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದ ಲೆಕ್ಕ ನನ್ನ ತಲೆಯಲ್ಲಿತ್ತು: ಎರಡು ವರ್ಷ, ಹೆಚ್ಚೆಂದರೆ ಮೂರು. ಏನೂ ಕೊಳ್ಳದೆ ಮನೆಗೆ ಬಂದೆ. ಎರಡು ವಾರ ಆ ಬೀದಿಗೇ ಕಾಲಿಡಲಿಲ್ಲ. ಮೂರನೆಯ ವಾರ ಹೋಗಿ, ಮಾಸುವುದನ್ನೇ ಕೊಡಿ, ಅಷ್ಟು ಸಾಕು ಎಂದೆ. ಅಮ್ಮನ ಆಯಸ್ಸು ಎಣಿಸಿ ಶಾಯಿ ಆರಿಸಿದವಳು ನಾನು, ತಮ್ಮಾ. ಮೂರು ವಾರ ಹಿಡಿದದ್ದು ಅದಕ್ಕೆ. ನೀನು ಪಕ್ಕದಲ್ಲಿದ್ದು, ಹಾಗೆಲ್ಲ ಮಾತಾಡಬೇಡ ಅಕ್ಕಾ, ದುಪ್ಪಟ್ಟಿನದನ್ನೇ ಕೊಳ್ಳೋಣ ಎಂದು ಸುಳ್ಳುಸುಳ್ಳೇ ಒಂದು ಜಗಳ ಆಡಿದ್ದರೂ ಸಾಕಿತ್ತು. ಕೊನೆಗೆ ಇದನ್ನೇ ಕೊಳ್ಳುತ್ತಿದ್ದೆವು, ಆದರೆ ಇಬ್ಬರೂ ಸೇರಿ ಕೊಳ್ಳುತ್ತಿದ್ದೆವು.

ಈಗ ಗೋಡೆಯ ಮೇಲೆ ಹನ್ನೊಂದು ಜನ ಇದ್ದಾರೆ. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡ ಅಪ್ಪ, ಟೋಪಿಯ ಸೋದರಮಾವ, ನಿನ್ನ ಹೆಂಡತಿ, ಮುಂದಿನ ಹಲ್ಲು ಬಿದ್ದ ನಿನ್ನ ಮಗಳು, ನಡುವೆ ಮದುವೆಯ ಕೋಟಿನಲ್ಲಿ ನೀನು. ಬೆಳಿಗ್ಗೆ ಕಾಫಿಯ ಜೊತೆಗೇ ಪಾಠ. ಅಮ್ಮ ಎಲ್ಲರ ಹೆಸರನ್ನೂ ಹೇಳುತ್ತಾಳೆ, ನಿನ್ನದು ಬಂದಾಗ ದನಿ ಏರುತ್ತದೆ. ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿಗೆ ಹೇಳಿದ್ದಾಳಂತೆ, ಮಗ ದಿನಾ ಸಂಜೆ ಬಂದು ಕಾಲು ಒತ್ತುತ್ತಾನೆ, ತಲೆ ಬಾಚುತ್ತಾನೆ ಎಂದು. ನಾನು ತಿದ್ದಲಿಲ್ಲ. ತಿದ್ದಲಿಲ್ಲವೆಂದು ನನ್ನ ಹೊಟ್ಟೆ ಉರಿಯಲಿಲ್ಲ ಎಂದುಕೊಳ್ಳಬೇಡ. ಚೆನ್ನಾಗಿಯೇ ಉರಿಯಿತು. ಒಂದು ಹಗಲಿನ ಬಸ್ಸಿನ ದೂರದಲ್ಲಿದ್ದು ಹದಿನಾಲ್ಕು ತಿಂಗಳಿಂದ ಬಾರದವನು ದಿನಾ ಬರುತ್ತಾನೆ, ದಿನಾ ಕಾಲು ಒತ್ತುವ, ಮನೆಯಲ್ಲೇ ಇರುವವಳ ಕೈಗೆ ಲೆಕ್ಕವಿಲ್ಲ. ಇದನ್ನು ಓದಿ ನಿನಗೆ ನೋವಾದರೆ ಆಗಲಿ.

ಅಮ್ಮ ಮೊಮ್ಮಗಳನ್ನು ಕೇಳುತ್ತಿದ್ದಾಳೆಂದು ನಿನ್ನ ಮಗಳಿಗೆ ಹೇಳು, ಅದು ಸುಳ್ಳಲ್ಲ. ನಿನ್ನ ಹೆಂಡತಿಗೂ ನನ್ನ ನೆನಪು ತಿಳಿಸು. ನೀನು ಚೆನ್ನಾಗಿರು. ಸಿಟ್ಟಿನಲ್ಲಿ ಬರೆದರೂ ಅದನ್ನು ಮಾತ್ರ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ,
ಅಕ್ಕ

ತಾ.ಕ.: ಒಂದು ವಿಷಯ ಬಿಟ್ಟಿದ್ದೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಶುಕ್ರವಾರ ಡಾಕ್ಟರು ಮನೆಗೇ ಬಂದಿದ್ದರು. ಅಮ್ಮ ಹನ್ನೊಂದು ಜನರನ್ನೂ ಸರಿಯಾಗಿ ಹೇಳಿದಳು. ಆಮೇಲೆ ಡಾಕ್ಟರು ನನ್ನತ್ತ ಬೆರಳು ಮಾಡಿ ಇವರು ಯಾರೆಂದರು. ಅಮ್ಮ ನನ್ನ ಮುಖ ನೋಡಿದಳು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು, ದಿಂಬನ್ನೂ ಎತ್ತಿ ನೋಡಿದಳು. "ಗೋಡೆ ಮೇಲಿಲ್ಲ ಇವಳು. ನಮ್ಮವಳಲ್ಲ" ಎಂದಳು. ಮನೆಯಲ್ಲೇ ಇರುವವಳ ಫೋಟೋ ಯಾಕೆ ಎಂದು ನಾನು ಅಂಟಿಸಿಯೇ ಇರಲಿಲ್ಲ. ನಿನ್ನೆ ನನ್ನದೊಂದು ನಾನೇ ತೆಗೆದು ಅಂಟಿಸಿದೆ. "ಯಾರಿವಳು ಪಾಪ, ತುಂಬಾ ಸುಸ್ತಾಗಿದಾಳೆ" ಎಂದಳು. ಡಾಕ್ಟರನ್ನು ಕೇಳಿದರೆ, ಹಳೆಯದು ಬೇಕಂತೆ, ಅವಳ ಪಕ್ಕದಲ್ಲೇ ನಾನಿರುವುದು. ಮನೆಯ ಫೋಟೋಗಳನ್ನೆಲ್ಲ ಹುಡುಕಿದೆ. ಎಲ್ಲವನ್ನೂ ತೆಗೆದವಳು ನಾನೇ, ಒಂದರಲ್ಲೂ ನಾನಿಲ್ಲ. ನಿನ್ನ ಹತ್ತಿರ ಎಲ್ಲಾದರೂ ಇದ್ದೀತೇ ನೋಡು. ಮಸುಕಾಗಿದ್ದರೂ ಸರಿ. ಇಲ್ಲದಿದ್ದರೆ ಇಲ್ಲವೆಂದಾದರೂ ಬರೆ, ಹುಡುಕುವುದನ್ನು ನಿಲ್ಲಿಸುತ್ತೇನೆ.